ತರಗತಿ ಗದ್ದಲ: ಹೊಸ ಮೇಷ್ಟ್ರುಗಳ ಪ್ರಶ್ನೆ, ನಮ್ಮ ಉತ್ತರ

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಜಾಸ್ತಿ ಪಾಲು ಹೊಸ ಶಿಕ್ಷಕರದ್ದೇ. ವಿಷಯವೂ ಹೆಚ್ಚುಕಮ್ಮಿ ಒಂದೇ. ಮಕ್ಕಳು ಮಾತು ಕೇಳುತ್ತಿಲ್ಲ, ಏನು ಮಾಡಲಿ? ಅದಕ್ಕೇ ಈ ಸಲ ಪೂರ್ತಿ ಅಂಕಣ ಅವರಿಗೆ ಮೀಸಲು. ಬರೆದವರ ಹೆಸರು, ಶಾಲೆಯ ಹೆಸರು ಬಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಉದ್ದನೆಯ ಉತ್ತರ ಕೊಟ್ಟಿದ್ದೇನೆ, ಯಾಕಂದ್ರೆ ಉಳಿದ ಎಷ್ಟೋ ಜನರ ಪ್ರಶ್ನೆ ಅದರೊಳಗೇ ಇದೆ.

ಪ್ರಶ್ನೆ: ನಾನು ಮಂಡ್ಯ ಕಡೆಯವನು. ಪದವೀಧರ ಪ್ರಾಥಮಿಕ ಶಿಕ್ಷಕನಾಗಿ ವಿಜಯಪುರ ಜಿಲ್ಲೆಯ ಒಂದು ಹಳ್ಳಿ ಶಾಲೆಗೆ ಬಂದಿದ್ದೇನೆ. ಸಮಾಜ ವಿಜ್ಞಾನ ನನ್ನ ವಿಷಯ. ಏಳನೇ ತರಗತಿಯಲ್ಲಿ 52 ಮಕ್ಕಳಿದ್ದಾರೆ. ನಾನು ಒಳಗೆ ಹೋದರೂ ಅರ್ಧ ಜನ ತಿರುಗಿ ನೋಡುವುದಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದೆ. ನನ್ನ ಮಾತಿನ ಧಾಟಿ ಕೇಳಿದರೆ ನಗುತ್ತಾರೆ, ಹಿಂದಿನ ಬೆಂಚಿನ ಒಬ್ಬ ಹುಡುಗ ಅದನ್ನೇ ಅಣಕಿಸಿ ಎಲ್ಲರನ್ನೂ ನಗಿಸುತ್ತಾನೆ. ಊಟದ ನಂತರದ ಪಿರಿಯಡ್ ಅಂತೂ ಕೇಳಲೇಬೇಡಿ. ಹಿರಿಯ ಸಹೋದ್ಯೋಗಿಯೊಬ್ಬರು ‘ಹೊಡೀಬೇಡಿ, ಆದರೆ ಕೈಯಲ್ಲೊಂದು ಕೋಲು ಇರಲಿ, ತಾನೇ ಸರಿಹೋಗ್ತಾರೆ’ ಅಂತಾರೆ. ಅದು ನನಗೆ ಇಷ್ಟವಿಲ್ಲ. ಆದರೆ ಬೇರೆ ದಾರಿ ಗೊತ್ತಿಲ್ಲ.

ಉತ್ತರ: ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 8ನೇ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ನಿಮ್ಮ ಕೋಣೆಯಲ್ಲಿ 52 ಜನ. ಇದು ನಿಮ್ಮ ತಪ್ಪಲ್ಲ, ಮಕ್ಕಳ ತಪ್ಪೂ ಅಲ್ಲ. ಹಾಗಾಗಿ ಗದ್ದಲ ಆದ ಕೂಡಲೇ ‘ನನಗೆ ಈ ಕೆಲಸ ಬರಲ್ಲ’ ಅಂತ ತೀರ್ಮಾನಕ್ಕೆ ಬರಬೇಡಿ. ಬಿ.ಇಡಿ.ಯಲ್ಲಿ ಪಾಠಯೋಜನೆ ಬರೆಯಲು ಕಲಿಸುತ್ತಾರೆ. ಬೋಧನಾಭ್ಯಾಸದ ದಿನ ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕೂತಿರುತ್ತಾರೆ, ಆ ಭಯಕ್ಕೆ ಮಕ್ಕಳೂ ಸುಮ್ನೆ ಕೂತಿರುತ್ತಾರೆ. ನಿಜವಾದ ತರಗತಿ ಸಿಗುವುದು ಕೆಲಸಕ್ಕೆ ಸೇರಿದ ಮೇಲೆಯೇ.

ನಾನು ಎಲ್ಲ ಹೊಸ ಶಿಕ್ಷಕರಿಗೂ ಹೇಳುವುದು ಒಂದೇ ಮಾತು. ಮಗ್ಗಿ ಹೇಳಿಕೊಟ್ಟ ಹಾಗೆ ನಡವಳಿಕೆಯನ್ನೂ ಹೇಳಿಕೊಡಬೇಕು. ಏಳರ ಮಗ್ಗಿ ಬಾರದ ಮಗುವಿಗೆ ‘ನಿನಗೆ ಇಷ್ಟೂ ಗೊತ್ತಿಲ್ವಾ’ ಅಂತ ಬೈದರೆ ಮಗ್ಗಿ ಬಂದುಬಿಡುತ್ತಾ? ಕೂರಿಸಿಕೊಂಡು ಹೇಳಿಸಬೇಕು, ತಪ್ಪಿದರೆ ಮತ್ತೆ ಹೇಳಿಸಬೇಕು. ತರಗತಿಯೊಳಗೆ ಹೇಗೆ ಬರಬೇಕು, ಮಾತು ಯಾವಾಗ ನಿಲ್ಲಿಸಬೇಕು, ನೋಟ್‌ಬುಕ್ ಹೇಗೆ ತಂದಿಡಬೇಕು, ನೀರು ಕುಡಿಯಲು ಹೇಗೆ ಕೇಳಬೇಕು, ಇದೆಲ್ಲಾ ಮಕ್ಕಳಿಗೆ ತಾನಾಗೇ ಗೊತ್ತಿರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅದು ಹಿಂದಿನ ಮೇಷ್ಟ್ರ ಪದ್ಧತಿ. ನಿಮ್ಮದು ಏನು ಅಂತ ನೀವೇ ತೋರಿಸಬೇಕು.

ನೋಟ್‌ಬುಕ್ ಹಂಚುವ ಹೊತ್ತನ್ನೇ ತಗೊಳ್ಳಿ. ತಿದ್ದಿದ 52 ನೋಟ್‌ಬುಕ್ ಮೇಜಿನ ಮೇಲಿವೆ. ನೀವು ಒಂದೊಂದೇ ಎತ್ತಿ ಹೆಸರು ಕೂಗುತ್ತೀರಿ. ಮೊದಲ ಐದಾರು ಹೆಸರಿನವರೆಗೆ ಸರಿ. ಆಮೇಲೆ ನೋಟ್‌ಬುಕ್ ಸಿಕ್ಕವರಿಗೆ ಮುಂದೆ ಮಾಡಲು ಕೆಲಸವಿಲ್ಲ, ಸಿಗದವರಿಗೂ ಕೆಲಸವಿಲ್ಲ. ಒಬ್ಬ ಪಕ್ಕದವನ ಅಂಕ ನೋಡುತ್ತಾನೆ. ಇನ್ನೊಬ್ಬ ತನ್ನದನ್ನು ಮುಚ್ಚಿಕೊಳ್ಳುತ್ತಾನೆ. ಎಳೆದಾಟದಲ್ಲಿ ರಟ್ಟು ಹರಿಯುತ್ತೆ. ಅಷ್ಟೊತ್ತಿಗೆ ನೀವು ಇಪ್ಪತ್ತನೇ ಹೆಸರು ಕೂಗುತ್ತಿದ್ದೀರಿ, ಯಾರಿಗೂ ಕೇಳಿಸುವುದಿಲ್ಲ, ದನಿ ಏರಿಸುತ್ತೀರಿ. ಹತ್ತು ನಿಮಿಷ ಹೋಯಿತು. ಇಲ್ಲಿ ಕೆಟ್ಟ ಮಗು ಯಾರೂ ಇಲ್ಲ, ಸುಮ್ಮನೆ ಕಾಯಬೇಕಾದ 52 ಮಕ್ಕಳಿದ್ದಾರೆ ಅಷ್ಟೇ. ಇದೇ ಕೆಲಸವನ್ನು ಸಾಲಿಗೊಬ್ಬರು ಮಾಡಲಿ. ನೋಟ್‌ಬುಕ್‌ಗಳನ್ನು ಸಾಲಿನ ಪ್ರಕಾರವೇ ಜೋಡಿಸಿಟ್ಟಿರಿ. ಸಾಲಿನ ಮೊದಲ ಮಗು ಬಂದು ತನ್ನ ಸಾಲಿನದ್ದನ್ನು ಎತ್ತಿಕೊಂಡು ಹಿಂದಕ್ಕೆ ಕಳಿಸುತ್ತಾ ಹೋಗಲಿ, ಹಂಚುವಾಗಲೇ ‘ನಾನು ಕೆಂಪು ಗೆರೆ ಎಳೆದಿರುವ ಒಂದು ತಪ್ಪನ್ನು ಸರಿಮಾಡಿ ಬರೆಯಿರಿ’ ಅಂತ ಬೋರ್ಡಿನ ಮೇಲೆ ಬರೆದಿರಲಿ. ಮೊದಲ ದಿನ ಇದನ್ನು ಎರಡು ಮೂರು ಸಲ ಸುಮ್ಮನೆ ಅಭ್ಯಾಸ ಮಾಡಿಸಿ. ಹೌದು, ಏಳನೇ ತರಗತಿಯವರಿಗೂ. ಪಿರಿಯಡ್ ಹಾಳಾಯಿತು ಅಂತ ಅನಿಸಬಹುದು. ವರ್ಷವಿಡೀ ದಿನಕ್ಕೆ ಹತ್ತು ನಿಮಿಷ ಉಳಿಯುತ್ತೆ, ಲೆಕ್ಕ ಹಾಕಿ.

ಅಮೆರಿಕದ ಮನಃಶಾಸ್ತ್ರಜ್ಞ ಜೇಕಬ್ ಕೌನಿನ್ ಅವರು ತರಗತಿಗಳ ವಿಡಿಯೊ ತೆಗೆಸಿ ಕೂತು ನೋಡಿ, 1970ರಲ್ಲಿ ಒಂದು ಮುಖ್ಯವಾದ ವಿಷಯ ಬರೆದರು. ಮಗು ತಪ್ಪು ಮಾಡಿದ ಮೇಲೆ ಶಿಕ್ಷಕರು ಹೇಗೆ ಗದರುತ್ತಾರೆ ಅನ್ನುವುದರಲ್ಲಿ ಒಳ್ಳೆಯ ತರಗತಿಗೂ ಗದ್ದಲದ ತರಗತಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕೂ ಮೊದಲು. ಒಳ್ಳೆಯ ಶಿಕ್ಷಕರಿಗೆ ಕೋಣೆಯ ಮೂಲೆಮೂಲೆಯಲ್ಲಿ ಏನಾಗುತ್ತಿದೆ ಅಂತ ಗೊತ್ತಿರುತ್ತೆ, ಆ ವಿಷಯ ಮಕ್ಕಳಿಗೂ ಗೊತ್ತಿರುತ್ತೆ. ಅವರ ಪಾಠ ನಡುವೆ ಎಲ್ಲೂ ನಿಂತುಹೋಗುವುದಿಲ್ಲ. ಒಬ್ಬರನ್ನು ಮಾತಾಡಿಸುವಾಗಲೂ ಉಳಿದವರಿಗೆ ಏನೋ ಕೆಲಸ ಇರುತ್ತೆ. ನಮ್ಮ ಹಳ್ಳಿ ಶಾಲೆಗಳಲ್ಲೂ ಮಕ್ಕಳು ಇಷ್ಟಪಡುವ ಮೇಷ್ಟ್ರನ್ನು ನೋಡಿ, ಇದೇ ಕಾಣುತ್ತೆ.

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು? ಬಾಗಿಲಲ್ಲಿ ನಿಂತುಕೊಳ್ಳಿ. ಮಕ್ಕಳು ಒಳಗೆ ಬರುವಾಗ ಹೆಸರು ಹಿಡಿದು ಮಾತಾಡಿಸಿ. 52 ಹೆಸರು ಕಲಿಯುವುದು ಕಷ್ಟ, ಆದರೂ ಇದಕ್ಕಿಂತ ಬೇಗ ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಕೂರುವ ಜಾಗದ ನಕ್ಷೆ ಬರೆದು ಹಾಜರಿ ಪುಸ್ತಕದೊಳಗೆ ಇಟ್ಟುಕೊಳ್ಳಿ. ‘ಏಯ್ ನೀಲಿ ಅಂಗಿ’ ಅಂದರೆ ಯಾವ ಮಗು ತಾನೇ ಕೇಳುತ್ತೆ?

ಅವರು ಕೂರುವ ಮೊದಲೇ ಬೋರ್ಡಿನ ಮೇಲೆ ಒಂದು ಸಣ್ಣ ಕೆಲಸ ಇರಲಿ. ಎಲ್ಲರಿಗೂ ಮಾಡಲು ಬರುವಂಥದ್ದು. ‘ಗೋಳಗುಮ್ಮಟದೊಳಗೆ ನೀವು ಕೂಗಿದಾಗ ಏನಾಯಿತು? ಎರಡು ಸಾಲು ಬರೆಯಿರಿ.’ ನೋಡದೇ ಇದ್ದವರು ನೋಡಿದವರನ್ನು ಕೇಳಿ ಬರೆಯಲಿ. ಅಥವಾ ‘ಆಲಮಟ್ಟಿ ಅಣೆಕಟ್ಟು ಯಾವ ನದಿಗೆ ಕಟ್ಟಿದ್ದಾರೆ? ನೀರಾವರಿ ಬಂದ ಮೇಲೆ ಹೊಲದಲ್ಲಿ ಏನು ಬದಲಾಯಿತು ಅಂತ ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ.’ ಇಂಥ ಪ್ರಶ್ನೆಗೆ ಓದಿನಲ್ಲಿ ಹಿಂದಿರುವ ಮಗುವೂ ಉತ್ತರ ಕೊಡುತ್ತೆ, ಎಷ್ಟೋ ಸಲ ಚೆನ್ನಾಗಿ ಓದುವವರಿಗಿಂತ ಚೆನ್ನಾಗಿ ಕೊಡುತ್ತೆ.

ಮಾತು ನಿಲ್ಲಿಸಲು ಒಂದೇ ಒಂದು ಸಂಜ್ಞೆ ಇಟ್ಟುಕೊಳ್ಳಿ. ಕೈ ಎತ್ತುವುದು ಇರಬಹುದು, ಚಪ್ಪಾಳೆಯ ಒಂದು ಲಯ ಇರಬಹುದು. ನೀವು ತಟ್ಟಿದ ಲಯವನ್ನು ಅವರು ತಿರುಗಿ ತಟ್ಟಿ ಮೌನವಾಗಬೇಕು. ಸಂಜ್ಞೆ ಕೊಟ್ಟ ಮೇಲೆ ಕಾಯಿರಿ. ನಾಲ್ಕು ಜನ ಇನ್ನೂ ಮಾತಾಡುತ್ತಿರುವಾಗ ನೀವು ಪಾಠ ಶುರುಮಾಡಿದರೆ ಏನರ್ಥ? ‘ನಾನು ಮಾತಾಡುವಾಗ ನೀವೂ ಮಾತಾಡಬಹುದು’ ಅಂತ ನೀವೇ ಕಲಿಸಿದ ಹಾಗಾಯಿತು. ಆ ಕಾಯುವ ಅರ್ಧ ನಿಮಿಷ ಬಹಳ ಉದ್ದ ಅನಿಸುತ್ತೆ, ಕೋಣೆಯೆಲ್ಲಾ ನಿಮ್ಮನ್ನೇ ನೋಡುತ್ತಿದೆ ಅನಿಸುತ್ತೆ, ಬಾಯಿಗೆ ಬೈಗುಳ ಬಂದು ನಿಂತಿರುತ್ತೆ. ತಡೆದುಕೊಳ್ಳಿ. ಆಮೇಲೆ ಸಣ್ಣ ದನಿಯಲ್ಲೇ ಶುರುಮಾಡಿ. ದನಿ ತಗ್ಗಿದರೆ ಮಕ್ಕಳು ಕಿವಿಗೊಡುತ್ತಾರೆ, ನಿಮ್ಮ ಗಂಟಲೂ ಉಳಿಯುತ್ತೆ. ಗಂಟಲು ಕಟ್ಟಿರುವುದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಎರಡು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ.

ಹೇಳುವ ರೀತಿಯೂ ಮುಖ್ಯ. ‘ಗಲಾಟೆ ಮಾಡ್ಬೇಡಿ’ ಅಂದರೆ ಏನು ಮಾಡಬಾರದು ಅಂತ ಗೊತ್ತಾಯಿತು, ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ‘42ನೇ ಪುಟ ತೆಗೆಯಿರಿ, ನಕ್ಷೆಯ ಮೇಲೆ ಬೆರಳಿಡಿ’ ಅನ್ನಿ. ಒಂದು ಸಲಕ್ಕೆ ಒಂದೇ ಸೂಚನೆ. ಪ್ರಶ್ನೆ ಕೇಳುವಾಗ ಮೊದಲು ಪ್ರಶ್ನೆ, ಆಮೇಲೆ ಹೆಸರು. ಹೆಸರು ಮೊದಲು ಹೇಳಿದರೆ ಉಳಿದ 51 ಜನ ಯೋಚನೆ ಮಾಡುವುದನ್ನು ಬಿಡುತ್ತಾರೆ. ನಡುವೆ ಸ್ವಲ್ಪ ಕಾಯಿರಿ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಇದನ್ನು ಅಳೆದು ನೋಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕಾಯುತ್ತಾರಂತೆ, ಅಷ್ಟೇ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ.

ಇನ್ನು, ಬೋರ್ಡಿನ ಹತ್ತಿರವೇ ನಿಲ್ಲಬೇಡಿ. ಓಡಾಡುತ್ತಾ ಪಾಠ ಮಾಡಿ. ಇಬ್ಬರು ಪಿಸುಗುಟ್ಟುತ್ತಿದ್ದರೆ ಪಾಠ ನಿಲ್ಲಿಸದೆ ಅವರ ಪಕ್ಕ ಹೋಗಿ ನಿಲ್ಲಿ, ಮಾತು ಮುಂದುವರಿಸಿ, ಮೆಲ್ಲಗೆ ಅವರ ಪುಸ್ತಕದ ಸಾಲು ತೋರಿಸಿ. ಎಲ್ಲರೆದುರು ಹೆಸರು ಕರೆದು ನಿಲ್ಲಿಸಿದರೆ ಒಂದು ಪಿಸುಮಾತು 52 ಜನರ ವಿಷಯವಾಗುತ್ತೆ.

ಈಗ ಆ ಹಿಂದಿನ ಬೆಂಚಿನ ಹುಡುಗ. ಅವನ ಬಗ್ಗೆ ನೀವು ಅಣಕಿಸುತ್ತಾನೆ ಅಂತ ಮಾತ್ರ ಬರೆದಿದ್ದೀರಿ. ಅವನು ಏಳನೇ ತರಗತಿಯ ಪುಸ್ತಕ ಓದಬಲ್ಲನಾ? ಒಂದು ದಿನ ಪಿರಿಯಡ್ ಮುಗಿದ ಮೇಲೆ, ಯಾರೂ ಇಲ್ಲದಾಗ, ಒಂದು ಪ್ಯಾರಾ ಓದಿಸಿ ನೋಡಿ. ಹೀಗೆ ಗಲಾಟೆ ಮಾಡುವ ಎಷ್ಟೋ ಮಕ್ಕಳಿಗೆ ಅಕ್ಷರ ಕೂಡಿಸಿ ಓದಲೂ ಕಷ್ಟ. ದಿನಕ್ಕೆ ಆರೇಳು ಪಿರಿಯಡ್ ಅರ್ಥವಾಗದ ಮಾತು ಕೇಳುತ್ತಾ ಕೂರುವುದು ಎಂಥ ಶಿಕ್ಷೆ ಅಂತ ಯೋಚಿಸಿ. ‘ದಡ್ಡ’ ಅನಿಸಿಕೊಳ್ಳುವುದಕ್ಕಿಂತ ‘ತಂಟೆಕೋರ’ ಅನಿಸಿಕೊಳ್ಳುವುದು ಹನ್ನೆರಡು ವರ್ಷದ ಹುಡುಗನಿಗೆ ಮೇಲು.

ಮನೆಯನ್ನೂ ವಿಚಾರಿಸಿ. ನಿಮ್ಮ ಜಿಲ್ಲೆಯ ಹಳ್ಳಿಗಳಿಂದ, ತಾಂಡಾಗಳಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರು ಬಹಳ. ಅಪ್ಪ ಅಮ್ಮ ಅಲ್ಲಿ, ಮಗು ಅಜ್ಜಿ ಹತ್ತಿರ. ಕೆಲವು ಮಕ್ಕಳು ತಿಂಗಳುಗಟ್ಟಲೆ ಅವರ ಜೊತೆ ಹೋಗಿ ಬರುತ್ತಾರೆ, ಬರುವಷ್ಟರಲ್ಲಿ ಪಾಠ ಎಲ್ಲೋ ಹೋಗಿರುತ್ತೆ. ಅಜ್ಜಿಯನ್ನು ಶಾಲೆಗೆ ಕರೆಸಬೇಡಿ, ನೀವೇ ಒಂದು ಸಂಜೆ ಮನೆ ಕಡೆ ಹೋಗಿ. ದೂರು ಹೇಳಬೇಡಿ. ಅವನು ಚೆನ್ನಾಗಿ ಮಾಡಿದ ಒಂದು ಕೆಲಸ ಹೇಳಿ, ಒಂದೇ ಇದ್ದರೂ ಸಾಕು. ಮಾರನೇ ದಿನ ಅವನು ನಿಮ್ಮನ್ನು ನೋಡುವ ರೀತಿ ಬೇರೆ ಇರುತ್ತೆ. ಜೊತೆಗೆ ಅವನಿಗೆ ಮಾಡಲು ಆಗುವ ಕೆಲಸ ಕೊಡಿ. ನಕ್ಷೆ ಬಿಡಿಸುವುದು, ಗ್ಲೋಬ್ ತಿರುಗಿಸಿ ತೋರಿಸುವುದು, ಗುಂಪಿಗೆ ಸಾಮಾನು ಕೊಡುವುದು. ದಿನಾ ಹತ್ತು ನಿಮಿಷ ಓದಲು ಕಲಿಸಲು ಆಗುತ್ತಾ ನೋಡಿ.

ನಿಮ್ಮ ಮಾತಿನ ಧಾಟಿಯನ್ನು ಮುಚ್ಚಿಡಬೇಡಿ. ‘ನಾನು ಕಾವೇರಿ ಕಡೆಯವನು, ನೀವು ಕೃಷ್ಣೆ ಕಡೆಯವರು. ನಾನು ಕೆಆರ್‌ಎಸ್ ಕಥೆ ಹೇಳ್ತೀನಿ, ನೀವು ಆಲಮಟ್ಟಿ ಕಥೆ ಹೇಳಿ. ನಿಮ್ಮ ಮಾತು ನನಗೆ ಕಲಿಸಿ’ ಅನ್ನಿ. ದಿನಕ್ಕೊಂದು ಮಾತು ಬೋರ್ಡಿನ ಮೂಲೆಯಲ್ಲಿ ಬರೆಯಲು ಆ ಅಣಕಿಸುವ ಹುಡುಗನಿಗೇ ಹೇಳಿ. ನಿಮ್ಮ ಮಾತನ್ನು ಅವನು ಅಷ್ಟು ಚೆನ್ನಾಗಿ ಅನುಕರಿಸುತ್ತಾನೆ ಅಂದರೆ ಅವನ ಕಿವಿ ಚುರುಕಾಗಿದೆ, ನೀವು ಹೇಳಿದ್ದನ್ನು ಗಮನವಿಟ್ಟು ಕೇಳಿದ್ದಾನೆ.

ಊಟದ ನಂತರ ಓದಿಸುವ ಪಾಠ ಇಟ್ಟುಕೊಳ್ಳಬೇಡಿ. ಬಿಸಿಯೂಟ ಮುಗಿದಿರುತ್ತೆ, ಬಿಸಿಲು ಇರುತ್ತೆ, ಕಣ್ಣು ಎಳೆಯುತ್ತೆ. ಅಂಗಳದಲ್ಲಿ ಬೇವಿನ ಮರದ ನೆರಳಿದ್ದರೆ ಅಲ್ಲಿ ಸುಣ್ಣದಲ್ಲಿ ಕರ್ನಾಟಕದ ನಕ್ಷೆ ಬರೆಯಿರಿ. ನಮ್ಮಲ್ಲಿ 31 ಜಿಲ್ಲೆ. 31 ಮಕ್ಕಳು ಜಿಲ್ಲೆಗಳಾಗಿ ನಿಲ್ಲಲಿ, ಉಳಿದ 21 ಜನ ನದಿಗಳಾಗಲಿ. ಕೃಷ್ಣೆ ಬೆಳಗಾವಿ ಕಡೆಯಿಂದ ಒಳಗೆ ಬಂದು ನಿಮ್ಮ ಜಿಲ್ಲೆ ದಾಟಿ ಯಾದಗಿರಿ, ರಾಯಚೂರಿನ ಕಡೆ ಕೈಹಿಡಿದು ಸಾಗಲಿ. ಭೀಮೆ ಬಂದು ಸೇರಲಿ. ಡೋಣಿಯನ್ನು ಮರೆಯಬೇಡಿ, ಅದು ಅವರ ಮನೆಯ ಹೊಳೆ. ಮಕ್ಕಳು ಸದ್ದು ಮಾಡುತ್ತಾರೆ. ಮಾಡಲಿ. ಕೆಲಸದ ಸದ್ದಿಗೂ ಸುಮ್ಮನೆ ಆಗುವ ಗದ್ದಲಕ್ಕೂ ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತೆ. ಪಿನ್ ಬಿದ್ದರೂ ಕೇಳಿಸುವ ತರಗತಿಯೇ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕೋಲಿನ ವಿಷಯ. ಬೇಡ. ಹಿಡಿದುಕೊಳ್ಳುವುದೂ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತೆ. ಮಾಡಿದವರ ಮೇಲೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ ಆಗಬೇಕು ಅಂತಲೂ ಅದರಲ್ಲೇ ಇದೆ. ಕೋಲು ಬಿಟ್ಟು ಬಸ್ಕಿ ಹೊಡೆಸುವುದು, ಮೊಣಕಾಲೂರಿ ಕೂರಿಸುವುದು, ಜಾತಿ ಹಿಡಿದು, ಮನೆ ಹಿಡಿದು ಆಡಿಕೊಳ್ಳುವುದು, ಇವೂ ಹಿಂಸೆಯೇ. ಆದರೆ ಕಾನೂನು ಇದೆ ಅಂತ ಮಾತ್ರ ನಾನು ಇದನ್ನು ಹೇಳುತ್ತಿಲ್ಲ. ಕೋಲು ಕಂಡು ಸುಮ್ಮನಾದ ಮಗುವಿನ ಗಮನವೆಲ್ಲಾ ಕೋಲಿನ ಮೇಲೇ ಇರುತ್ತೆ, ಪಾಠದ ಮೇಲೆ ಇರುವುದಿಲ್ಲ. ನೀವು ಕೋಣೆ ಬಿಟ್ಟ ಕೂಡಲೇ ಗದ್ದಲ ಎರಡರಷ್ಟಾಗುತ್ತೆ. ಅವರು ಮುಂದಿನ ಪಿರಿಯಡ್‌ನ ಮೇಡಂ ಮೇಲೆ ಅದನ್ನು ತೀರಿಸಿಕೊಳ್ಳುತ್ತಾರೆ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಶುರುಮಾಡಿದ ಗಿಜುಭಾಯಿ ಬಧೇಕಾ ಅವರು ಹೊಡೆತ, ಹೆದರಿಕೆ ಇಲ್ಲದೆ, ಕಥೆ ಮತ್ತು ಆಟದಲ್ಲೇ ಮಕ್ಕಳಿಗೆ ಕಲಿಸಿ ತೋರಿಸಿದರು. ಅಂದರೆ ನೂರು ವರ್ಷದ ಹಿಂದೆಯೇ ನಮ್ಮ ದೇಶದಲ್ಲೇ ಇದು ಆಗಿದೆ.

ಹಾಗಂತ ತಪ್ಪಿಗೆ ಏನೂ ಆಗಬಾರದು ಅಂತಲ್ಲ. ಆಗುವುದು ಸಣ್ಣದಿರಲಿ, ಖಚಿತವಾಗಿರಲಿ, ತಪ್ಪಿಗೆ ಸಂಬಂಧಪಟ್ಟಿರಲಿ. ಕಾಗದ ಎಸೆದವನು ಆರಿಸಲಿ. ಬೇರೆಯವರ ಕೆಲಸ ಕೆಡಿಸಿದವನು ಪಿರಿಯಡ್ ಮುಗಿದ ಮೇಲೆ ಎರಡು ನಿಮಿಷ ಉಳಿದು ಅದನ್ನು ಸರಿಮಾಡಿ ಹೋಗಲಿ. ಊಟ, ಮೊಟ್ಟೆ, ಹಾಲು, ಆಟದ ಪಿರಿಯಡ್ ಇವನ್ನು ಮಾತ್ರ ಯಾವ ಕಾರಣಕ್ಕೂ ಕಸಿದುಕೊಳ್ಳಬೇಡಿ. ಮತ್ತೆ, ಮಾಡಲಾಗದ ಬೆದರಿಕೆ ಹಾಕಬೇಡಿ. ‘ಇಡೀ ವಾರ ಹೊರಗೆ ನಿಲ್ಲಿಸ್ತೀನಿ’ ಅಂತ ಹೇಳಿ ಐದು ನಿಮಿಷಕ್ಕೆ ಒಳಗೆ ಕರೆದರೆ ನಿಮ್ಮ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ.

ಪ್ರಶ್ನೆ: ನಾನು ನಲಿಕಲಿ (ಸಣ್ಣ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಇದ್ದಾರೆ. ಒಂದು ಗುಂಪಿಗೆ ಹೇಳಿಕೊಡಲು ಕೂತರೆ ಇನ್ನೊಂದು ಗುಂಪು ಎದ್ದು ಓಡಾಡುತ್ತೆ. ದಿನಕ್ಕೊಂದು ಮಗು ಅಳುತ್ತೆ.

ಉತ್ತರ: ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದಾಗ ಅದರ ಮುಖ್ಯ ಯೋಚನೆಯೇ ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ ಒಂದೇ ಪಾಠ ಕಲಿಯಬೇಕಾಗಿಲ್ಲ ಅನ್ನುವುದು. ತಟ್ಟೆಗಳ ಪದ್ಧತಿ, ಅಂದರೆ ಎಷ್ಟು ಸಹಾಯ ಬೇಕು ಅನ್ನುವುದರ ಮೇಲೆ ಮಕ್ಕಳನ್ನು ಗುಂಪು ಮಾಡಿ ಕೂರಿಸುವುದು, ಇರುವುದು ಅದಕ್ಕೇ. ಶಿಕ್ಷಕರ ಬೆಂಬಲ ಬೇಕಾದ ಗುಂಪಿನ ಹತ್ತಿರ ನೀವು ಕೂರಬೇಕು, ಸ್ವಕಲಿಕೆಯ ಗುಂಪು ತನ್ನ ಪಾಡಿಗೆ ತಾನು ಕೆಲಸ ಮಾಡಬೇಕು. ಎಡವುವುದು ಇಲ್ಲೇ. ಆ ಗುಂಪಿನ ಮಗು ಕಾರ್ಡಿನ ಕೆಲಸ ಮುಗಿಸಿ ಮುಂದೇನು ಅಂತ ಗೊತ್ತಿಲ್ಲದೆ ಏಳುತ್ತೆ. ಆದ್ದರಿಂದ ಮುಗಿದ ಮೇಲಿನ ಕೆಲಸ ಕೈಗೆಟಕುವ ಹಾಗೆ ಇಡಿ. ಚಿತ್ರ ಪುಸ್ತಕ, ಹುಣಸೆ ಬೀಜ, ನೆಲದ ಹತ್ತಿರದ ಕಪ್ಪುಹಲಗೆ, ಬರೆಯಲು ಸೀಮೆಸುಣ್ಣ. ಮೂರನೇ ತರಗತಿಯ ಮಕ್ಕಳನ್ನು ಸಣ್ಣವರ ಜೊತೆ ಕೂರಿಸಿ, ಆದರೆ ದಿನಾ ಅದೇ ಮಗು ಬೇಡ, ಅದರ ಕಲಿಕೆ ಹಿಂದೆ ಬೀಳುತ್ತೆ. ಗುಂಪು ಬದಲಾಗುವಾಗ ಒಂದು ಹಾಡು ಇರಲಿ, ದಿನಾ ಅದೇ ಹಾಡು. ಹಾಡು ಮುಗಿಯುವಷ್ಟರಲ್ಲಿ ಜಾಗದಲ್ಲಿ ಕೂತಿರಬೇಕು ಅಂತ ಅಭ್ಯಾಸ ಆಗುತ್ತೆ.

ಅಳುವ ಮಗುವಿಗೆ ಬುದ್ಧಿ ಹೇಳಬೇಡಿ. ಕೈಗೊಂದು ಕೆಲಸ ಕೊಡಿ, ಅಕ್ಕನೋ ಅಣ್ಣನೋ ಅದೇ ಶಾಲೆಯಲ್ಲಿದ್ದರೆ ಸ್ವಲ್ಪ ಹೊತ್ತು ಪಕ್ಕ ಕೂರಿಸಿ. ಬೆಳಿಗ್ಗೆ ತಿಂಡಿ ತಿಂದು ಬಂದಿದೆಯಾ ಅಂತ ಕೇಳಿ. ತೋಟದ ಕೆಲಸಕ್ಕೆ ಬೇಗ ಹೋಗುವ ಮನೆಗಳಲ್ಲಿ ಎಷ್ಟೋ ಸಲ ಮಗು ಖಾಲಿ ಹೊಟ್ಟೆಯಲ್ಲಿ ಬಂದಿರುತ್ತೆ.

ಪ್ರಶ್ನೆ: ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಐದನೇ ತರಗತಿಯ ಟೀಚರ್ ನಾನು. ಯಾರು ಮಾತಾಡಿದರೂ ದಂಡ ಹಾಕಿ ಅಂತ ಆಡಳಿತ ಮಂಡಳಿ ಹೇಳುತ್ತೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ದಿನಾ ಒಂದಲ್ಲ ಒಂದು ಜಗಳ.

ಉತ್ತರ: ದಂಡ ಕಟ್ಟುವುದು ಅಪ್ಪ ಅಮ್ಮ. ಅದರಿಂದ ಮಗು ಏನೂ ಕಲಿಯುವುದಿಲ್ಲ. ಇದನ್ನೇ ನಿಮ್ಮ ಸಂಯೋಜಕರಿಗೆ ಹೇಳಿ, ಜೊತೆಗೆ ‘ನನಗೆ ಎರಡು ವಾರ ಕೊಡಿ, ಬೇರೆ ರೀತಿ ಮಾಡಿ ತೋರಿಸ್ತೀನಿ’ ಅನ್ನಿ. ಬರೀ ಬೇಡ ಅಂದರೆ ಆಡಳಿತ ಮಂಡಳಿ ಕೇಳುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಯಾವ ಮಗುವಿನ ಬಗ್ಗೆಯೂ ಒಂದು ಸಾಲು ಬರೆಯಬೇಡಿ, ಹೊಗಳಿಕೆಯನ್ನೂ ಸಹ. ‘ಇದನ್ನು ಫೋನಿನಲ್ಲಿ ಮಾತಾಡೋಣ’ ಅಂತ ಮಾತ್ರ ಬರೆದು ಅವತ್ತೇ ಕರೆ ಮಾಡಿ. ಇನ್ನೊಂದು ಒಳ್ಳೆಯ ಅಭ್ಯಾಸ ಇದೆ. ವಾರಕ್ಕೆ ಮೂರ್ನಾಲ್ಕು ಮನೆಗೆ ಒಳ್ಳೆಯ ಸುದ್ದಿ ಹೇಳಲೆಂದೇ ಕರೆ ಮಾಡಿ. ಶಾಲೆಯಿಂದ ಫೋನ್ ಬಂದರೆ ಏನೋ ಎಡವಟ್ಟಾಗಿದೆ ಅಂತಲೇ ಪೋಷಕರು ಎತ್ತುತ್ತಾರೆ ಅಲ್ವಾ? ಒಳ್ಳೆಯದನ್ನು ಮೊದಲು ಕೇಳಿದವರು ಆಮೇಲೆ ಕಷ್ಟದ ಮಾತು ಬಂದಾಗಲೂ ನಿಮ್ಮ ಜೊತೆ ನಿಲ್ಲುತ್ತಾರೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ವಯಸ್ಸು 24. ಹತ್ತನೇ ತರಗತಿಯ ಕೆಲವು ಹುಡುಗರು ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ಶಿಳ್ಳೆ ಹಾಕುತ್ತಾರೆ, ಎರಡರ್ಥದ ಮಾತಾಡುತ್ತಾರೆ. ಯಾರಿಗಾದರೂ ಹೇಳಿದರೆ ನನಗೇ ತರಗತಿ ಹಿಡಿತವಿಲ್ಲ ಅಂದುಕೊಳ್ಳುತ್ತಾರೆ ಅಂತ ಭಯ.

ಉತ್ತರ: ಹೇಳಿ. ಮೊದಲು ಅದು. ಇದು ಮಕ್ಕಳ ತುಂಟತನದ ಲೆಕ್ಕಕ್ಕೆ ಬರುವುದಿಲ್ಲ, ಇದನ್ನು ಒಬ್ಬರೇ ಸಹಿಸಿಕೊಂಡು ಗೆಲ್ಲಬೇಕಾಗಿಯೂ ಇಲ್ಲ. ಯಾವ ದಿನ, ಯಾವ ಪಿರಿಯಡ್, ಏನು ಮಾತು ಅಂತ ಬರೆದಿಟ್ಟುಕೊಂಡು ಮುಖ್ಯ ಶಿಕ್ಷಕರಿಗೆ ಬರಹದಲ್ಲೇ ಕೊಡಿ. ಮಾತು ಬಂದ ಕ್ಷಣದಲ್ಲಿ ಕೂಗಾಡಬೇಡಿ, ಕೇಳಿಸದ ಹಾಗೆಯೂ ಇರಬೇಡಿ. ತಿರುಗಿ ನಿಂತು, ಸಮ ದನಿಯಲ್ಲಿ ‘ಆ ಮಾತು ಈ ಕೋಣೆಯಲ್ಲಿ ನಡೆಯುವುದಿಲ್ಲ’ ಅಂತ ಒಂದೇ ಸಲ ಹೇಳಿ ಲೆಕ್ಕ ಮುಂದುವರಿಸಿ. ಅದೇ ತರಗತಿಯ ಹುಡುಗಿಯರು ನಿಮ್ಮನ್ನೇ ನೋಡುತ್ತಿರುತ್ತಾರೆ, ಅವರೂ ದಿನಾ ಇಂಥದ್ದನ್ನೇ ಕೇಳುತ್ತಿರುತ್ತಾರೆ. ಗುಂಪಿನ ಹುಡುಗರನ್ನು ಒಟ್ಟಿಗೆ ಕರೆಸಿದರೆ ಒಬ್ಬರಿಗೊಬ್ಬರು ಧೈರ್ಯ. ಒಬ್ಬೊಬ್ಬರನ್ನೇ, ಮುಖ್ಯ ಶಿಕ್ಷಕರ ಎದುರಲ್ಲಿ, ಪೋಷಕರ ಜೊತೆ ಮಾತಾಡಿಸಿ. ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುವ ಹೊತ್ತು ಕಡಿಮೆ ಮಾಡಲು ಲೆಕ್ಕವನ್ನು ಮಕ್ಕಳಿಂದಲೇ ಬೋರ್ಡಿನ ಮೇಲೆ ಮಾಡಿಸಿ, ನೀವು ಕೋಣೆಯ ಹಿಂದೆ ನಿಂತು ಕೇಳಿ. ಹತ್ತನೇ ತರಗತಿಗೆ ಗಣಿತ ಚೆನ್ನಾಗಿ ಅರ್ಥವಾಗುವ ಹಾಗೆ ಹೇಳಿಕೊಡುವ ಟೀಚರ್ ಮೇಲೆ ಬಹುಪಾಲು ಮಕ್ಕಳಿಗೆ ಗೌರವ ಬಂದೇ ಬರುತ್ತೆ, ಮಾರ್ಚ್‌ನ ಪರೀಕ್ಷೆ ಅವರ ತಲೆಯಲ್ಲೂ ಇರುತ್ತೆ.

ಪ್ರಶ್ನೆ: ನಾಲ್ಕನೇ ತರಗತಿಯ ಒಬ್ಬ ಹುಡುಗ ಒಂದು ಕ್ಷಣ ಕೂರುವುದಿಲ್ಲ. ಪಕ್ಕದವರ ನೋಟ್‌ಬುಕ್ ಎಳೆಯುತ್ತಾನೆ, ಕರೆದರೆ ತಿರುಗುವುದಿಲ್ಲ. ಎಲ್ಲರೂ ಅವನಿಗೆ ಏನೋ ಕಾಯಿಲೆ ಅಂತಾರೆ. ನಾನು ಅತಿಥಿ ಶಿಕ್ಷಕಿ, ಏನು ಮಾಡಬಹುದು?

ಉತ್ತರ: ಹೆಸರಿಡುವ ಕೆಲಸ ನಮ್ಮದಲ್ಲ, ವೈದ್ಯರದ್ದು. ನೀವು ಮೊದಲು ಕಣ್ಣು, ಕಿವಿ ನೋಡಿ. ಅವನನ್ನು ಮುಂದಿನ ಸಾಲಿಗೆ ತಂದು ಕೂರಿಸಿ, ಆಗಲೂ ನೋಟ್‌ಬುಕ್ ಎಳೆಯುತ್ತಾನಾ ಗಮನಿಸಿ. ಬೋರ್ಡ್ ಕಾಣದ ಮಗು ಪಕ್ಕದವರ ಪುಸ್ತಕ ನೋಡಿಯೇ ಬರೆಯಬೇಕು, ಅದು ನಮಗೆ ತಂಟೆ ಅನಿಸುತ್ತೆ. ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ತಿರುಗದಿದ್ದರೆ ಕಿವಿ ಸೋರುತ್ತಾ ಅಂತ ಅವನ ಅಮ್ಮನನ್ನು ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತೆ. ಅವರು ಬರುವ ದಿನ ತಿಳಿದುಕೊಂಡು, ಅವತ್ತು ಅವನು ತಪ್ಪದೆ ಶಾಲೆಗೆ ಬರುವ ಹಾಗೆ ನೋಡಿಕೊಳ್ಳಿ, ನೀವು ಗಮನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಕಲಿಕೆಯಲ್ಲೇ ತೊಂದರೆ ಇದೆ ಅನಿಸಿದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕು ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ನಿಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಅವರನ್ನು ಕರೆಸಿ. ಅತಿಥಿ ಶಿಕ್ಷಕಿ ಅಂತ ಹಿಂಜರಿಯಬೇಡಿ, ಆ ಮಗುವನ್ನು ದಿನಾ ನೋಡುತ್ತಿರುವವರು ನೀವು. ಮೈಮೇಲೆ ಗಾಯ, ಬರೆ ಕಂಡರೆ, ಯಾರನ್ನೋ ಕಂಡು ಬೆಚ್ಚುತ್ತಾನೆ ಅನಿಸಿದರೆ, ಮುಖ್ಯ ಶಿಕ್ಷಕರಿಗೆ ಅವತ್ತೇ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ನೀವೂ ಕರೆ ಮಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ.

ಅಲ್ಲಿಯವರೆಗೆ ಅವನಿಗೆ ಎದ್ದು ಓಡಾಡುವ ಕೆಲಸಗಳನ್ನೇ ಕೊಡಿ. ಬೋರ್ಡ್ ಒರೆಸಲಿ, ಪುಸ್ತಕ ಹಂಚಲಿ, ಹಾಜರಿ ಪುಸ್ತಕವನ್ನು ಆಫೀಸಿಗೆ ಕೊಟ್ಟು ಬರಲಿ. ನಿಂತುಕೊಂಡು ಬರೆದರೆ ಬರೆಯುತ್ತಾನೆ ಅಂದರೆ ಗೋಡೆ ಪಕ್ಕದ ಜಾಗದಲ್ಲಿ ನಿಂತೇ ಬರೆಯಲಿ, ಹಿಂದಿನವರಿಗೆ ಅಡ್ಡ ಆಗದಿದ್ದರೆ ಸಾಕು. ಐದು ಲೆಕ್ಕದ ಬದಲು ಎರಡು ಕೊಟ್ಟು, ಮುಗಿಸಿದ ಮೇಲೆ ಮತ್ತೆರಡು ಕೊಡಿ.